ಜಾರ್ಜ್ ಕೀಟ್ಸ್‌ನ ಲೆಕ್ಕ: ಅಮೆರಿಕದಿಂದ ಬಂದು ಅಣ್ಣನ ಹಣ ಒಯ್ದವನು ಎಂಬ ಮಾತು ನ್ಯಾಯವೇ?

ಹಳೆಯ ಕಾಗದ ಅವರ ಬರಹ:

ಗೆಳೆಯರೇ, ಬಿ.ಎ. ತರಗತಿಯಲ್ಲಿ ಇಂಗ್ಲಿಷ್ ಕವಿ ಜಾನ್ ಕೀಟ್ಸ್‌ನ ಕವಿತೆಗಳನ್ನು ಓದಿದ ನಮ್ಮಲ್ಲಿ ಬಹುಮಂದಿಗೆ ಅವನ ತಮ್ಮ ಜಾರ್ಜ್‌ನ ಪರಿಚಯ ಒಂದೇ ವಾಕ್ಯದಲ್ಲಿ ಮುಗಿದಿರುತ್ತದೆ: ಅಮೆರಿಕಕ್ಕೆ ಹೋದವನು, ಒಮ್ಮೆ ಮರಳಿ ಬಂದು ಕಾಯಿಲೆಯ ಅಣ್ಣನ ಹಣವನ್ನು ತೆಗೆದುಕೊಂಡು ಹೋದವನು. ನಾನೂ ಮೂವತ್ತು ವರ್ಷ ಹಾಗೆಯೇ ನಂಬಿದ್ದೆ. ಈ ಮಳೆಗಾಲದಲ್ಲಿ ಕೀಟ್ಸ್‌ನ ಪತ್ರಗಳನ್ನು ತಾರೀಖಿನ ಕ್ರಮದಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿದ ಮೇಲೆ ಆ ನಂಬಿಕೆ ಅಲುಗಾಡಿದೆ. ಹಾಗಾಗಿ ಈ ಚರ್ಚೆಯನ್ನು ತೆರೆಯುತ್ತಿದ್ದೇನೆ.

ತಂದೆ ಲಂಡನ್ನಿನಲ್ಲಿ ಬಾಡಿಗೆ ಕುದುರೆಗಳ ಲಾಯ ನಡೆಸುತ್ತಿದ್ದರು. 1804ರಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡರು. ತಾಯಿ 1810ರಲ್ಲಿ ಕ್ಷಯದಿಂದ ಹೋದರು. ಜಾನ್, ಜಾರ್ಜ್, ಟಾಮ್ ಎಂಬ ಮೂವರು ಹುಡುಗರೂ ಕಿರಿಯ ತಂಗಿ ಫ್ಯಾನಿಯೂ ಚಹಾ ವ್ಯಾಪಾರಿ ರಿಚರ್ಡ್ ಆ್ಯಬಿಯ ಪೋಷಣೆಗೆ ಬಂದರು. ಜಾರ್ಜ್ ಅದೇ ಆ್ಯಬಿಯ ಮಳಿಗೆಯಲ್ಲಿ ಗುಮಾಸ್ತನಾಗಿದ್ದು, ಅಲ್ಲಿನ ಪಾಲುದಾರನೊಬ್ಬನೊಂದಿಗೆ ಹೊಂದದೆ ಕೆಲಸ ಬಿಟ್ಟ. 1818ರ ಮೇ ತಿಂಗಳಲ್ಲಿ ಜಾರ್ಜಿಯಾನಾ ವೈಲಿಯನ್ನು ಮದುವೆಯಾಗಿ ಜೂನ್‌ನಲ್ಲಿ ಲಿವರ್‌ಪೂಲ್‌ನಿಂದ ಅಮೆರಿಕಕ್ಕೆ ಹೊರಟಾಗ ಅವನಿಗೆ 21 ವರ್ಷ. ಲಿವರ್‌ಪೂಲ್‌ವರೆಗೆ ಜೊತೆಗೆ ಹೋಗಿ ಬೀಳ್ಕೊಟ್ಟ ಜಾನ್, ಸ್ನೇಹಿತ ಚಾರ್ಲ್ಸ್ ಬ್ರೌನ್‌ನೊಂದಿಗೆ ಸ್ಕಾಟ್ಲೆಂಡಿನ ಕಡೆಗೆ ಕಾಲ್ನಡಿಗೆಯ ಪ್ರವಾಸ ಹೊರಟ. ತಮ್ಮನ ನಿರ್ಧಾರವನ್ನು ಅವನು ಮನಸಾರೆ ಒಪ್ಪಿದ್ದ. ಕೈಯಲ್ಲಿ ಸ್ವಲ್ಪವೇ ಬಂಡವಾಳವಿರುವ ಉದಾರಿಗೆ ಇಂಗ್ಲೆಂಡಿನ ವ್ಯಾಪಾರದಲ್ಲಿ ಉಳಿಗಾಲವಿಲ್ಲ, ಗಿರಾಕಿಯ ಮುಂದೆ ತಲೆಬಾಗುವುದಕ್ಕಿಂತ ನೆಲ ಉಳುವುದು ಮೇಲು ಎಂಬ ಅರ್ಥದ ಮಾತನ್ನು ಸ್ನೇಹಿತನೊಬ್ಬನಿಗೆ ಬರೆದಿದ್ದಾನೆ.

ಮುಂದಿನದು ನಷ್ಟದ ಕಥೆ. ಇಲಿನಾಯ್‌ನ ಹುಲ್ಲುಗಾವಲಿನಲ್ಲಿ ಮಾರಿಸ್ ಬರ್ಕ್‌ಬೆಕ್ ಕಟ್ಟುತ್ತಿದ್ದ ಇಂಗ್ಲಿಷರ ವಸಾಹತಿಗೆ ಸೇರಬೇಕೆಂದು ಹೊರಟವನು ಅಲ್ಲಿ ನೆಲೆ ನಿಲ್ಲದೆ ಕೆಂಟಕಿಯ ಹೆಂಡರ್ಸನ್ ಊರಿಗೆ ಬಂದ, ಅಲ್ಲಿ ಉಗಿದೋಣಿಯೊಂದರಲ್ಲಿ ಹಣ ಹೂಡಿ ಕಳೆದುಕೊಂಡ. ಆ ನಡುವೆ, 1818ರ ಡಿಸೆಂಬರ್ 1ರಂದು, ಲಂಡನ್ನಿನಲ್ಲಿ ಟಾಮ್ ಕ್ಷಯದಿಂದ ತೀರಿಕೊಂಡ. 1820ರ ಜನವರಿಯಲ್ಲಿ ಜಾರ್ಜ್ ಟಾಮ್‌ನ ಆಸ್ತಿಯ ಪಾಲಿಗಾಗಿ ಲಂಡನ್ನಿಗೆ ಮರಳಿ, ಮೂರು ವಾರಗಳೊಳಗೆ ಸುಮಾರು 700 ಪೌಂಡ್ ಹೊಂದಿಸಿಕೊಂಡು ಹೊರಟ. ಜಾನ್‌ನ ಕೈಯಲ್ಲಿ ಉಳಿದದ್ದು 60ರಿಂದ 70 ಪೌಂಡ್. ತೀರಿಸಬೇಕಾದ ಸಾಲ ಅದಕ್ಕಿಂತ ಹೆಚ್ಚು. ಜಾರ್ಜ್ ಲಂಡನ್ ಬಿಟ್ಟದ್ದು ಜನವರಿ 28ರಂದು. ಫೆಬ್ರವರಿ 3ರ ರಾತ್ರಿ ಜಾನ್ ರಕ್ತ ಕೆಮ್ಮಿದ. ಮರುವರ್ಷ ಫೆಬ್ರವರಿ 23ರಂದು ರೋಮ್‌ನಲ್ಲಿ ತೀರಿಕೊಂಡ.

ಅಣ್ಣನಿಗೆ ಮೋಸವಾಯಿತು ಎಂದು ಬ್ರೌನ್ ಬದುಕಿರುವಷ್ಟು ದಿನ ಹೇಳಿದ. ಇನ್ನೊಬ್ಬ ಸ್ನೇಹಿತ ಚಾರ್ಲ್ಸ್ ಡಿಲ್ಕ್ ಲೆಕ್ಕಗಳನ್ನು ಪರಿಶೀಲಿಸಿ ಜಾರ್ಜ್ ತಪ್ಪಿತಸ್ಥನಲ್ಲ ಎಂದ. ಈ ಒಂದು ವಿಷಯಕ್ಕೇ ಆ ಇಬ್ಬರು ಹಳೆಯ ಗೆಳೆಯರು ದೂರವಾದರು. ಇಲ್ಲಿ ಲೆಕ್ಕಪತ್ರ ಬಲ್ಲವರೂ ಕೆಂಟಕಿಯಲ್ಲಿ ನೆಲೆಸಿರುವವರೂ ಇದ್ದೀರಿ. ನಿಮಗೆ ಏನನ್ನಿಸುತ್ತದೆ?

ಜಮಾಖರ್ಚು ಅವರ ಉತ್ತರ:

ಹಳೆಯ ಕಾಗದ ಅವರೇ, ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ, ನಲವತ್ತು ವರ್ಷ ಲೆಕ್ಕ ಪರಿಶೋಧನೆಯಲ್ಲಿ ಕಳೆದವನು. ಆದ್ದರಿಂದ ಹಣದ ಕಡೆಯಿಂದಲೇ ನೋಡುತ್ತೇನೆ.

ಮೊದಲು ಗಮನಿಸಬೇಕಾದದ್ದು, ಈ ನಾಲ್ವರು ಒಡಹುಟ್ಟಿದವರೂ ತಮ್ಮ ಹಣವೆಷ್ಟು ಎಂಬುದನ್ನು ತಾವೇ ಅರಿಯದೆ ಬೆಳೆದರು. ಕೀಲಿ ಆ್ಯಬಿಯ ಕೈಯಲ್ಲಿತ್ತು. ಅವನು ಕೇಳಿದಾಗಲೆಲ್ಲ ಅಷ್ಟಿಷ್ಟು ಕೊಡುತ್ತಿದ್ದ, ಪೂರ್ಣ ಲೆಕ್ಕ ಒಪ್ಪಿಸಲಿಲ್ಲ. 1819ರ ಬೇಸಿಗೆಯಲ್ಲಿ ಸೋದರಮಾವನ ವಿಧವೆ ಆಸ್ತಿಯ ಮೇಲೆ ದಾವೆ ಹೂಡುವುದಾಗಿ ಹೇಳಿದ್ದರಿಂದ ಆ್ಯಬಿ ಹಣ ಕೊಡುವುದನ್ನೇ ನಿಲ್ಲಿಸಿದ. ಜಾನ್‌ನ ಆ ವರ್ಷದ ಕೈಕಟ್ಟಿಗೆ ಇದು ನೇರ ಕಾರಣ. ಜಾರ್ಜ್ ಆಗ ಕೆಂಟಕಿಯಲ್ಲಿ ತನ್ನ ನಷ್ಟದೊಂದಿಗೆ ಸೆಣಸುತ್ತಿದ್ದ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಅಜ್ಜ ಜಾನ್ ಜೆನಿಂಗ್ಸ್ 1805ರಲ್ಲಿ ತೀರಿಕೊಂಡಾಗ ಬರೆದಿಟ್ಟ ಉಯಿಲಿನ ಮೂಲಕ ಮೊಮ್ಮಕ್ಕಳಿಗೆ ಸಲ್ಲಬೇಕಾದ ಹಣ ಲಂಡನ್ನಿನ ಚಾನ್ಸರಿ ನ್ಯಾಯಾಲಯದಲ್ಲಿ ಬಡ್ಡಿಯೊಂದಿಗೆ ಬೆಳೆಯುತ್ತ ಕೂತಿತ್ತು. ವಯಸ್ಸಿಗೆ ಬಂದವರು ಅರ್ಜಿ ಹಾಕಿದ್ದರೆ ಸಿಗುತ್ತಿತ್ತು. ಜಾನ್‌ಗೆ ಅದು ಗೊತ್ತೇ ಇರಲಿಲ್ಲ, ಗೊತ್ತಾಗದೆಯೇ ಹೋದ. ಅವನು ಸತ್ತ ಮೇಲೆಯೇ ಜಾರ್ಜ್ ಮತ್ತು ಫ್ಯಾನಿಗೆ ಆ ಹಣ ದೊರೆಯಿತು. ನಮ್ಮ ಕಡೆಯೂ ಹಿರಿಯರು ಇಟ್ಟ ಠೇವಣಿಯ ರಸೀದಿ ಅವರ ಪೆಟ್ಟಿಗೆಯಲ್ಲೇ ಉಳಿದು ಮಕ್ಕಳು ಸಾಲ ಮಾಡಿದ್ದನ್ನು ನಾನು ವೃತ್ತಿಯಲ್ಲಿ ಹಲವು ಬಾರಿ ಕಂಡಿದ್ದೇನೆ. ಆದರೆ ಕ್ಷಯದಿಂದ ನರಳುತ್ತಿದ್ದವನಿಗೆ ಇಟಲಿಗೆ ಹೋಗಲು ಪ್ರಕಾಶಕರು ನೆರವಾಗಬೇಕಾಗಿ ಬಂದಾಗ ಅವನದೇ ಹಣ ಕೆಲವು ಮೈಲಿ ದೂರದಲ್ಲಿ ಮುಟ್ಟದೆ ಬಿದ್ದಿತ್ತು ಎಂಬುದು ನನಗೆ ನಿದ್ದೆ ಕೆಡಿಸಿದ ವಿಷಯ.

ಈಗ 700 ಪೌಂಡಿನ ಪ್ರಶ್ನೆ. ಟಾಮ್‌ನ ಆಸ್ತಿ ಸುಮಾರು 1100 ಪೌಂಡ್. ಅದು ಮೂವರಿಗೆ ಹಂಚಿಕೆಯಾಗಬೇಕಿತ್ತು. ಜಾರ್ಜ್ ಒಯ್ದ ಮೊತ್ತದಲ್ಲಿ ಅವನ ಸ್ವಂತ ಪಾಲೂ ಇತ್ತು, ಜಾನ್‌ನ ಪಾಲಿನಿಂದ ಬಂದದ್ದೂ ಇತ್ತು ಎಂಬುದರಲ್ಲಿ ಜಗಳವಿಲ್ಲ. ಜಗಳವಿರುವುದು ಜಾನ್‌ನ ಪಾಲನ್ನು ಯಾವ ಬಾಬತ್ತಿಗೆ ತೆಗೆದುಕೊಂಡ ಎಂಬುದರಲ್ಲಿ. 1818ರಲ್ಲಿ ಹೊರಡುವಾಗ ಅಣ್ಣನಿಗಾಗಿ ತಾನು ಹಣ ಬಿಟ್ಟು ಹೋಗಿದ್ದೆ, ಅದಕ್ಕೂ ಹಿಂದಿನ ಕೈಗಡಗಳೂ ಇದ್ದವು, ಒಟ್ಟು ಸೇರಿಸಿದರೆ ಬಾಕಿ ನನ್ನ ಕಡೆಗೇ ಬರಬೇಕಿತ್ತು ಎಂಬುದು ಜಾರ್ಜ್ ನಂತರ ಡಿಲ್ಕ್‌ಗೂ ಫ್ಯಾನಿಗೂ ಬರೆದ ವಿವರಣೆಯ ಸಾರ. ಅಣ್ಣ ತಮ್ಮಂದಿರ ನಡುವಿನ ಕೈಗಡಕ್ಕೆ ಚೀಟಿ ಯಾರು ಬರೆದಿಟ್ಟಾರು? ಚೀಟಿಯಿಲ್ಲದ ಲೆಕ್ಕ ಹೊರಗಿನವನ ಕಣ್ಣಿಗೆ ಕಳ್ಳಲೆಕ್ಕದಂತೆಯೇ ಕಾಣುತ್ತದೆ. ಡಿಲ್ಕ್ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವನು, ಅಂಕಿಗಳನ್ನು ಓದಬಲ್ಲವನು. ಅವನು ತೃಪ್ತನಾದ ಎಂಬುದಕ್ಕೆ ನಾನು ಬೆಲೆ ಕೊಡುತ್ತೇನೆ. ಜೊತೆಗೆ, ಕೆಂಟಕಿಯ ವ್ಯಾಪಾರ ಕುದುರಿದ ಮೇಲೆ ಜಾರ್ಜ್ ಅಣ್ಣನ ಸಾಲಗಳನ್ನು ತೀರಿಸಿದ. ಮೋಸ ಮಾಡಿದವನು ಸತ್ತವನ ಸಾಲವನ್ನು ಸಾಗರದಾಚೆಯಿಂದ ತೀರಿಸುವುದಿಲ್ಲ.

ಓಹಾಯೋ ದಂಡೆ ಅವರ ಉತ್ತರ:

ನಾನು ಹನ್ನೊಂದು ವರ್ಷದಿಂದ ಕೆಂಟಕಿಯ ಲೂಯಿವಿಲ್‌ನಲ್ಲಿದ್ದೇನೆ. ಇಲ್ಲಿ ಕೀಟ್ಸ್ ಹೆಸರಿನ ರಸ್ತೆಯೊಂದಿದೆ. ಅದು ಕವಿಯ ಹೆಸರೆಂದೇ ಬಹಳ ಕಾಲ ತಿಳಿದಿದ್ದೆ, ಈ ಊರಿನ ಮರದ ವ್ಯಾಪಾರಿಯ ಹೆಸರೆಂದು ಆಮೇಲೆ ಅರಿತೆ. ಅಂದಿನ ನದಿಯ ವ್ಯವಹಾರ ಹೇಗಿತ್ತೆಂದು ಸ್ವಲ್ಪ ಹೇಳಿದರೆ ಜಾರ್ಜ್ ಮುಳುಗಿದ್ದೇಕೆ, ತೇಲಿದ್ದೇಕೆ ಎಂಬುದು ಸ್ಪಷ್ಟವಾದೀತು.

ಫಿಲಡೆಲ್ಫಿಯಾದಲ್ಲಿ ಇಳಿದ ಗಂಡಹೆಂಡಿರು ಪೆನ್ಸಿಲ್ವೇನಿಯಾದ ಬೆಟ್ಟಗಳನ್ನು ದಾಟಿ ಪಿಟ್ಸ್‌ಬರ್ಗ್‌ಗೆ ಬಂದು, ಅಲ್ಲಿಂದ ದೋಣಿಯಲ್ಲಿ ಓಹಾಯೋ ನದಿಯ ಇಳಿಜಾರಿನಲ್ಲಿ ಸಾಗಿದರು. ಹೆಂಡರ್ಸನ್‌ನಲ್ಲಿ ಅವರಿಗೆ ಆಸರೆ ಕೊಟ್ಟವನು ಜಾನ್ ಜೇಮ್ಸ್ ಆಡುಬಾನ್, ಮುಂದೆ ಹಕ್ಕಿಗಳ ಚಿತ್ರಗಳಿಂದ ಲೋಕಪ್ರಸಿದ್ಧನಾದ ಅದೇ ಆಡುಬಾನ್. ಆಗ ಅವನು ಅಂಗಡಿಯನ್ನೂ, ಆ ಸಣ್ಣ ಊರಿಗೆ ಹೊರೆಯಾಗುವಷ್ಟು ದೊಡ್ಡದಾದ ಉಗಿಯಂತ್ರದ ಗಿರಣಿಯನ್ನೂ ಇಟ್ಟುಕೊಂಡ ವ್ಯಾಪಾರಿ. ಜಾರ್ಜ್ ಹಣ ಹೂಡಿದ ಉಗಿದೋಣಿಯ ವ್ಯವಹಾರ ಆಡುಬಾನ್‌ನ ಮೂಲಕವೇ ಬಂದದ್ದು. ಹಣ ಹೋಯಿತೆಂದು ತಿಳಿದಾಗ ಜಾನ್ 1819ರ ಸೆಪ್ಟೆಂಬರ್‌ನ ಪತ್ರದಲ್ಲಿ ಆಡುಬಾನ್‌ನನ್ನು ಅಪ್ರಾಮಾಣಿಕನೆಂದೇ ಬಗೆದು ಕೋಪದಿಂದ ಬರೆದ. ತಮ್ಮನ ಮೇಲಿನ ಮಮತೆಯ ಕೋಪ ಅದು, ಅರ್ಥವಾಗುತ್ತದೆ. ಆದರೆ ಅದೇ 1819ರಲ್ಲಿ ಆಡುಬಾನ್ ತಾನೇ ದಿವಾಳಿಯಾಗಿ, ಸಾಲಕ್ಕಾಗಿ ಇದೇ ಲೂಯಿವಿಲ್‌ನಲ್ಲಿ ಸೆರೆಮನೆ ಕಂಡ. ಅಮೆರಿಕ ಕಂಡ ಮೊದಲ ದೊಡ್ಡ ಆರ್ಥಿಕ ಕುಸಿತದ ವರ್ಷ ಅದು. ಬ್ಯಾಂಕುಗಳು ಕೊಟ್ಟ ಸಾಲವನ್ನೆಲ್ಲ ಒಮ್ಮೆಗೇ ಹಿಂದಕ್ಕೆ ಕೇಳಿದವು, ಭೂಮಿಯ ಬೆಲೆ ಬಿತ್ತು, ಪಶ್ಚಿಮದ ಊರುಗಳಲ್ಲಿ ನಗದು ಕಣ್ಮರೆಯಾಯಿತು. ವಲಸೆ ಬಂದವನು ತನ್ನ ಗಂಟನ್ನು ಬಿಚ್ಚಿದ ಘಳಿಗೆಯೇ ಕೆಟ್ಟದ್ದಾಗಿತ್ತು.

ಆ ಚಳಿಗಾಲದ ಒಂದು ಚಿತ್ರ ನನಗೆ ಪ್ರಿಯ. ಜಾರ್ಜ್ ಕೊಡಲಿ ಹಿಡಿದು ದಿಮ್ಮಿಯೊಂದನ್ನು ಸೀಳಲು ಹೆಣಗುತ್ತಿದ್ದಾಗ ನೋಡುತ್ತ ನಿಂತಿದ್ದ ಆಡುಬಾನ್, ತನಗೆ ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ ಬಿಡದೆ ಬಡಿಯುವವನು ಈ ದೇಶದಲ್ಲಿ ಖಂಡಿತ ನೆಲೆಯೂರುತ್ತಾನೆ ಎಂದನಂತೆ. ಜಾರ್ಜ್‌ನ ಗೆಳೆಯನಾದ ಪಾದ್ರಿ ಜೇಮ್ಸ್ ಫ್ರೀಮನ್ ಕ್ಲಾರ್ಕ್ ಅವನ ಮರಣಾನಂತರದ ಲೇಖನದಲ್ಲಿ ಇದನ್ನು ದಾಖಲಿಸಿದ್ದಾನೆ.

ಜಾರ್ಜ್ ಮತ್ತೆ ಎದ್ದು ನಿಂತದ್ದು ಲೂಯಿವಿಲ್‌ಗೆ ಬಂದು, ಮರದಿಂದಲೇ. ಲೂಯಿವಿಲ್ ಇರುವುದು ಓಹಾಯೋ ನದಿ ಬಂಡೆಗಳ ಮೇಲೆ ಧುಮುಕುತ್ತ ಹರಿಯುವ ಜಾಗದಲ್ಲಿ. ನೀರು ಕಡಿಮೆಯಿದ್ದಾಗ ದೋಣಿಗಳು ಸರಕನ್ನು ಇಲ್ಲಿಯೇ ಇಳಿಸಿ, ನೆಲದ ಮೇಲೆ ಸಾಗಿಸಿ, ಕೆಳಗೆ ಮತ್ತೆ ಹೇರಬೇಕಿತ್ತು. ಆ ತೊಡಕಿನಿಂದಲೇ ಊರು ಬೆಳೆಯಿತು. 1830ರಲ್ಲಿ ಕಾಲುವೆ ತೆರೆದ ಮೇಲೂ ಬೆಳವಣಿಗೆ ನಿಲ್ಲಲಿಲ್ಲ. ಜನಗಣತಿಯ ಪ್ರಕಾರ 1820ರಲ್ಲಿ 4,012 ಜನರಿದ್ದ ಊರು 1830ಕ್ಕೆ 10,341, 1840ಕ್ಕೆ 21,210 ಮುಟ್ಟಿತು. ಇಷ್ಟು ಜನಕ್ಕೆ ಮನೆ ಬೇಕು, ಗೋದಾಮು ಬೇಕು, ದೋಣಿ ಬೇಕು. ಎಲ್ಲಕ್ಕೂ ಹಲಗೆ ಬೇಕು. ಜಾರ್ಜ್ ಸಾಮಿಲ್ ನಡೆಸಿದ, ಹಿಟ್ಟಿನ ಗಿರಣಿಯಲ್ಲೂ ತೊಡಗಿದ, ಬ್ಯಾಂಕಿನ ನಿರ್ದೇಶಕನಾದ, ನಗರಸಭೆಯ ಸದಸ್ಯನಾದ. 1830ರ ದಶಕದಲ್ಲಿ ವಾಲ್ನಟ್ ಬೀದಿಯಲ್ಲಿ ಅವನು ಕಟ್ಟಿಸಿದ ಮನೆಯನ್ನು ಊರವರು ‘ಇಂಗ್ಲಿಷನ ಅರಮನೆ’ ಎನ್ನುತ್ತಿದ್ದರು. ಆ ಬೀದಿಗೆ ಇಂದು ಮುಹಮ್ಮದ್ ಅಲಿ ಅವರ ಹೆಸರು.

ಸಂಜೆ ಓದು ಅವರ ಉತ್ತರ:

ಜಮಾಖರ್ಚು ಅವರ ಲೆಕ್ಕವನ್ನೂ ಓಹಾಯೋ ದಂಡೆ ಅವರ ವರ್ಣನೆಯನ್ನೂ ಸಂತೋಷದಿಂದ ಓದಿದೆ. ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳಾಗಿ ನಾನು ಪತ್ರಗಳ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಜಾರ್ಜ್‌ನಿಂದ ನಮಗೆ ಬಂದ ನಿಜವಾದ ಆಸ್ತಿ ಅದೇ.

ಜಾರ್ಜ್ ಲಂಡನ್ನಿನ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲೇ ಇದ್ದಿದ್ದರೆ ಜಾನ್ ಆ ಮಾತುಗಳನ್ನು ಊಟದ ಮೇಜಿನಲ್ಲಿ ಆಡಿ ಮುಗಿಸುತ್ತಿದ್ದ. ಅವನು ಕೆಂಟಕಿಯಲ್ಲಿದ್ದ ಕಾರಣ ಅವು ಕಾಗದಕ್ಕೆ ಇಳಿದವು. ಹಡಗು ಯಾವಾಗ ಹೊರಡುತ್ತದೋ ತಿಳಿಯದು, ತಲುಪಲು ತಿಂಗಳುಗಳು ಬೇಕು. ಹಾಗಾಗಿ ಒಂದೇ ಪತ್ರವನ್ನು ವಾರಗಟ್ಟಲೆ ಮುಂದುವರಿಸುತ್ತ, ದಿನಚರಿಯಂತೆ ಬರೆದ. 1819ರ ಫೆಬ್ರವರಿ 14ಕ್ಕೆ ತೊಡಗಿದ ಪತ್ರ ಮುಗಿದದ್ದು ಮೇ 3ಕ್ಕೆ. ಅದರಲ್ಲಿ ಕ್ರಿಕೆಟ್ ಆಡುವಾಗ ಚೆಂಡು ತಗುಲಿ ಕಣ್ಣು ಕಪ್ಪಾದ ಸುದ್ದಿಯಿದೆ, ಹೈಗೇಟ್ ಬಳಿ ಕವಿ ಕೋಲ್‌ರಿಜ್ ಸಿಕ್ಕು ಎರಡು ಮೈಲಿ ಜೊತೆಗೆ ನಡೆದ ವಿವರವಿದೆ, ‘ಲಾ ಬೆಲ್ ಡಾಮ್ ಸಾನ್ ಮೆರ್ಸಿ’ ಎಂಬ ಕವಿತೆಯಿದೆ, ‘ಸೈಕಿ’ಯ ಕುರಿತ ಓಡ್ (ಸಂಬೋಧನ ಗೀತೆ) ಇದೆ. ಈ ಲೋಕ ಕಣ್ಣೀರಿನ ಕಣಿವೆಯಲ್ಲ, ಆತ್ಮಗಳು ರೂಪುಗೊಳ್ಳುವ ಕಣಿವೆ. ನೋವೆಂಬ ಶಾಲೆಯಿಲ್ಲದೆ ಬರಿಯ ಬುದ್ಧಿ ಆತ್ಮವಾಗದು ಎಂಬ ಚಿಂತನೆಯೂ ಅದೇ ಪತ್ರದಲ್ಲಿದೆ. ಅದನ್ನು ಅವನು ಯಾವ ಪತ್ರಿಕೆಗೂ ಬರೆಯಲಿಲ್ಲ. ಟಾಮ್ ಸತ್ತು ಐದು ತಿಂಗಳಾಗಿರುವಾಗ, ಅದೇ ಸಾವಿನ ದುಃಖವನ್ನು ದೂರದಲ್ಲಿ ಹೊತ್ತಿರುವ ತಮ್ಮನಿಗೂ ಅವನ ಹೆಂಡತಿಗೂ ಬರೆದ.

ಹೆಂಡತಿಯನ್ನು ಒತ್ತಿ ಹೇಳಿದೆ, ಏಕೆಂದರೆ ಜಾರ್ಜಿಯಾನಾಳನ್ನು ನಾವು ಮರೆಯುತ್ತೇವೆ. ಆ ಪತ್ರಗಳು ಇಬ್ಬರಿಗೂ ಬರೆದವು. ಲಂಡನ್ನಿನಲ್ಲಿದ್ದ ಅವಳ ತಾಯಿ, ಸೋದರರ ಕ್ಷೇಮಸಮಾಚಾರವನ್ನು ಜಾನ್ ಹೋಗಿ ನೋಡಿಕೊಂಡು ಬಂದು ತಲುಪಿಸುತ್ತಿದ್ದ. 1820ರ ಜನವರಿಯಲ್ಲಿ ಜಾರ್ಜ್ ಲಂಡನ್ನಿನಲ್ಲಿ ಹಣಕ್ಕಾಗಿ ಓಡಾಡುತ್ತಿದ್ದಾಗ ಜಾನ್ ಲೂಯಿವಿಲ್‌ನಲ್ಲಿ ಕೂಸಿನೊಂದಿಗೆ ಉಳಿದಿದ್ದ ಅತ್ತಿಗೆಗೆ, ಅಂದರೆ ನಮ್ಮ ಲೆಕ್ಕದಲ್ಲಿ ನಾದಿನಿಗೆ, ಪ್ರತ್ಯೇಕವಾಗಿ ಒಂದು ದೀರ್ಘ ಪತ್ರ ಬರೆದ. 1818ರ ಅಕ್ಟೋಬರ್‌ನಲ್ಲಿ, ಹುಟ್ಟಲಿರುವ ಮಗುವಿಗೆ ಜೋಗುಳದಂಥ ಪದ್ಯವೊಂದನ್ನು ಕಳಿಸಿ, ಅದು ಅಮೆರಿಕದ ಮೊದಲ ಕವಿಯಾಗಲಿ ಎಂದು ಹಾರೈಸಿದ್ದ. ಅದೇ ಪತ್ರದಲ್ಲಿ ಫ್ರಾಂಕ್ಲಿನ್, ವಾಷಿಂಗ್ಟನ್ ದೊಡ್ಡವರಾದರೂ ಭವ್ಯರಲ್ಲ ಎಂದು ಅಮೆರಿಕದ ಬಗ್ಗೆ ತನ್ನ ಅನುಮಾನವನ್ನೂ ತೋಡಿಕೊಂಡಿದ್ದಾನೆ. ಒಲ್ಲದ ದೇಶಕ್ಕೆ ಒಲಿದವರನ್ನು ಕಳಿಸಿಕೊಟ್ಟವನ ಮನಸ್ಸು ಅದು.

ಇನ್ನೊಂದು ಮಾತನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಟಾಮ್ ಸತ್ತ ಸುದ್ದಿಯನ್ನು ತಿಳಿಸುವ ಪತ್ರದಲ್ಲಿ ಜಾನ್ ಒಂದು ಏರ್ಪಾಡು ಸೂಚಿಸುತ್ತಾನೆ: ಪ್ರತಿ ಭಾನುವಾರ ಹತ್ತು ಗಂಟೆಗೆ ನಾನು ಶೇಕ್ಸ್‌ಪಿಯರ್‌ನ ಒಂದು ಭಾಗ ಓದುತ್ತೇನೆ, ನೀವೂ ಅದೇ ಹೊತ್ತಿಗೆ ಓದಿರಿ, ಆಗ ಒಂದೇ ಕೋಣೆಯಲ್ಲಿರುವ ಕುರುಡರಷ್ಟು ಹತ್ತಿರ ನಾವಿರುತ್ತೇವೆ. ಲಂಡನ್ನಿನ ಹತ್ತು ಗಂಟೆ ಕೆಂಟಕಿಯ ಹತ್ತು ಗಂಟೆಯಲ್ಲ. ಅಲ್ಲಿ ಬೆಳಕು ಹರಿಯುವ ಮುಂಚೆ ಲಂಡನ್ನಿನ ಓದು ಮುಗಿದಿರುತ್ತದೆ. ಅದನ್ನು ನೆನೆದಾಗಲೆಲ್ಲ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದೆ.

ಈ ಪತ್ರಗಳು ಉಳಿದದ್ದು ಜಾರ್ಜ್ ಅವನ್ನು ಕಾದಿಟ್ಟಿದ್ದರಿಂದ. ದಿವಾಳಿಯಂಚಿನಲ್ಲೂ, ಹೆಂಡರ್ಸನ್‌ನಿಂದ ಲೂಯಿವಿಲ್‌ಗೆ ಬಿಡಾರ ಕೀಳುವಾಗಲೂ ಅವು ಜೊತೆಗಿದ್ದವು. ಜಾರ್ಜ್ ಅಣ್ಣನಿಗೆ ಅಮೆರಿಕದಿಂದ ಬರೆದವುಗಳಲ್ಲಿ ನಮಗೆ ಉಳಿದಿರುವುದು ಬೆರಳೆಣಿಕೆಯವು. ಹಾಗಾಗಿ ಈ ಸಂಸಾರದ ಮಾತುಕತೆಯಲ್ಲಿ ನಾವು ಒಬ್ಬನ ದನಿಯನ್ನಷ್ಟೇ ಕೇಳುತ್ತಿದ್ದೇವೆ. ಇನ್ನೊಬ್ಬನ ದನಿ ಹಣದ ಲೆಕ್ಕ ಬಂದಾಗ ಮಾತ್ರ ಕೇಳುತ್ತದೆ. ಅವನು ಹಣದ ಮನುಷ್ಯನಂತೆ ಕಾಣುವುದು ಅದರಿಂದ. 1820ರ ಆ ಮೂರು ವಾರಗಳಲ್ಲಿ ಆ್ಯಬಿಯ ಮಳಿಗೆಗೆ ಅಲೆಯುತ್ತಿದ್ದ ಅದೇ ಜಾರ್ಜ್, ಅಣ್ಣನ ಹೊಸ ಕವಿತೆಗಳನ್ನು ಕೂತು ನಕಲು ಮಾಡಿಕೊಂಡ. ‘ಗ್ರೀಕ್ ಕಲಶ’ದ ಓಡ್ ಜಾನ್‌ನ ಸ್ವಹಸ್ತದಲ್ಲಿ ಉಳಿದಿಲ್ಲ. ಜಾರ್ಜ್‌ನ ಕೈಬರಹದ ಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ.

ತುಂಗಭದ್ರಾ ಅವರ ಉತ್ತರ:

ಹಿರಿಯರೆಲ್ಲರಿಗೂ ಗೌರವವಿಟ್ಟೇ ಎರಡು ಆಕ್ಷೇಪಗಳನ್ನು ಮುಂದಿಡುತ್ತೇನೆ.

ಒಂದು, ಜಾನ್ ತಾನೇ ಆಪ್ತರಲ್ಲಿ ತಮ್ಮನ ನಡೆ ಸರಿಯಲ್ಲವೆಂದು ನೊಂದುಕೊಂಡ ಎಂಬ ದಾಖಲೆಯಿದೆ. ಅಣ್ಣನ ಆರೋಗ್ಯ ಕೆಟ್ಟಿತ್ತು. ಟಾಮ್ ಸತ್ತದ್ದು ಅದೇ ಕಾಯಿಲೆಯಿಂದ, ತಾಯಿ ಸತ್ತದ್ದೂ ಅದೇ ಕಾಯಿಲೆಯಿಂದ. ಅಷ್ಟು ತಿಳಿದ ಮನೆಯವನು ಮೂರು ವಾರ ಜೊತೆಗಿದ್ದೂ ಏನನ್ನೂ ಗ್ರಹಿಸಲಿಲ್ಲವೆಂದರೆ ಹೇಗೆ ಒಪ್ಪುವುದು? ಲೆಕ್ಕ ಸರಿಯಿರಬಹುದು. ಅಣ್ಣ ಇಲ್ಲವೆನ್ನುವವನಲ್ಲ ಎಂದು ಗೊತ್ತಿದ್ದೇ ಕೇಳುವುದು ಬೇರೆಯೇ ಒಂದು ತಪ್ಪು.

ಎರಡು, ‘ಇಂಗ್ಲಿಷನ ಅರಮನೆ’ಯ ಬಗ್ಗೆ ಮೆಚ್ಚುಗೆಯಿಂದ ಬರೆದಿದ್ದೀರಿ. ಕೆಂಟಕಿ ಗುಲಾಮಗಿರಿಯ ರಾಜ್ಯವಾಗಿತ್ತು. ಜಾರ್ಜ್‌ನ ಮನೆಯಲ್ಲಿಯೂ ಗುಲಾಮರಿದ್ದರು. ಅವನು ಸೇರಹೊರಟಿದ್ದ ಬರ್ಕ್‌ಬೆಕ್, ಇಲಿನಾಯ್‌ಗೆ ಗುಲಾಮಗಿರಿಯನ್ನು ತರುವ ಪ್ರಯತ್ನ 1820ರ ದಶಕದಲ್ಲಿ ನಡೆದಾಗ ಅದರ ವಿರುದ್ಧ ಬರೆದು ಹೋರಾಡಿದ. ಒಂದು ನದಿಯ ಎರಡು ದಡಗಳು. ಜಾರ್ಜ್ ನಿಂತದ್ದು ಯಾವ ದಡದಲ್ಲಿ ಎಂಬುದನ್ನು ಬಿಟ್ಟು ಅವನ ಜಮಾಖರ್ಚನ್ನು ಬರೆಯಲಾಗದು.

ಓಹಾಯೋ ದಂಡೆ ಅವರ ಉತ್ತರ:

ತುಂಗಭದ್ರಾ ಅವರೇ, ಎರಡನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ನಾನೇ ಬರೆಯಬೇಕಿತ್ತು, ಬಿಟ್ಟದ್ದು ತಪ್ಪು. ಈ ಊರಿನ ಗಿರಣಿ, ಹಡಗುಕಟ್ಟೆ, ಮನೆಗೆಲಸಗಳಲ್ಲಿ ಗುಲಾಮರ ದುಡಿಮೆ ಬೆರೆತಿತ್ತು. ಗುಲಾಮರನ್ನು ಒಡೆಯರಿಂದ ಬಾಡಿಗೆಗೆ ಪಡೆಯುವ ಪದ್ಧತಿಯೂ ಇತ್ತು. ಇಂಗ್ಲೆಂಡಿನಲ್ಲಿ ಗಿರಾಕಿಗೆ ತಲೆಬಾಗಲಾರದೆ ಬಂದವನು ಇಲ್ಲಿ ಇತರರು ತನ್ನ ಮುಂದೆ ತಲೆಬಾಗುವ ವ್ಯವಸ್ಥೆಯೊಳಗೆ ನೆಲೆಸಿದ. ನದಿಯ ದಂಡೆಗೆ ಹೋದಾಗಲೆಲ್ಲ ಎದುರಿನ ಇಂಡಿಯಾನಾ ದಡ ಎಷ್ಟು ಹತ್ತಿರ ಕಾಣುತ್ತದೆ ಎಂಬುದು ನನ್ನನ್ನು ಕಾಡುತ್ತದೆ. ಅಲ್ಲಿಗೆ ಈಜಿ ದಾಟಲು ಜನ ಪ್ರಾಣ ಒತ್ತೆಯಿಟ್ಟಿದ್ದರು.

ಜಮಾಖರ್ಚು ಅವರ ಉತ್ತರ:

ಕೊನೆಯ ಖಾತೆಯನ್ನೂ ಇಲ್ಲಿ ಸೇರಿಸುತ್ತೇನೆ. 1837ರಲ್ಲಿ ಮತ್ತೊಂದು ಆರ್ಥಿಕ ಕುಸಿತ ಬಂತು, ಅದರ ಹೊಡೆತ ವರ್ಷಗಟ್ಟಲೆ ಉಳಿಯಿತು. ಜಾರ್ಜ್ ಇತರರ ಸಾಲಪತ್ರಗಳಿಗೆ ಜಾಮೀನು ಸಹಿ ಹಾಕಿದ್ದ. ಸಾಲಗಾರರು ಬಿದ್ದಾಗ ಹೊರೆ ಅವನ ಮೇಲೆ ಬಂತು. ಹೆಂಡರ್ಸನ್‌ನ ದೋಣಿಯಲ್ಲಿ ಒಮ್ಮೆ ಕಳೆದುಕೊಂಡವನು ಎರಡನೆಯ ಬಾರಿ ಕಳೆದುಕೊಂಡದ್ದೂ ಇನ್ನೊಬ್ಬರನ್ನು ನಂಬಿದ್ದರಿಂದಲೇ. 1841ರ ಡಿಸೆಂಬರ್ 24ರಂದು, 44ನೆಯ ವಯಸ್ಸಿನಲ್ಲಿ, ಹೆಂಡತಿಯನ್ನೂ ಮಕ್ಕಳನ್ನೂ ಬಿಟ್ಟು ತೀರಿಕೊಂಡ. ಹಣ ಹಿಡಿದಿಡುವ ಸ್ವಭಾವದ ವ್ಯಾಪಾರಿ ಹೀಗೆ ಮುಗಿಯುವುದಿಲ್ಲ ಎಂಬುದು ವೃತ್ತಿಯಿಂದ ಬಂದ ನನ್ನ ಅಭಿಪ್ರಾಯ.

ಹಳೆಯ ಕಾಗದ ಅವರ ಉತ್ತರ:

ಆ ಪತ್ರಗಳ ಮುಂದಿನ ದಾರಿಯನ್ನೂ ಹೇಳಿಬಿಡುತ್ತೇನೆ. ಜಾರ್ಜಿಯಾನಾ 1843ರಲ್ಲಿ ಜಾನ್ ಜೆಫ್ರಿ ಎಂಬ ಎಂಜಿನಿಯರನನ್ನು ಮರುಮದುವೆಯಾದಳು. ಜಾನ್‌ನ ಮೊದಲ ಜೀವನಚರಿತ್ರೆ ಬರೆಯುತ್ತಿದ್ದ ರಿಚರ್ಡ್ ಮಾಂಕ್ಟನ್ ಮಿಲ್ನ್ಸ್‌ಗಾಗಿ ಜೆಫ್ರಿ 1845ರಲ್ಲಿ ಪತ್ರಗಳನ್ನು ನಕಲು ಮಾಡಿ ಕಳಿಸಿದ. ಅವನು ಹಲವು ಭಾಗಗಳನ್ನು ಬಿಟ್ಟ, ಪದಗಳನ್ನು ಬದಲಿಸಿದ. ಆದರೂ 1848ರಲ್ಲಿ ಲೋಕ ಆ ಪತ್ರಗಳನ್ನು ಕಂಡದ್ದು ಆ ನಕಲಿನಿಂದ. ಜಾರ್ಜ್‌ನ ಮಗಳು ಎಮ್ಮಾ, ಲಿಂಕನ್ನನ ಆಪ್ತಮಿತ್ರ ಜೋಶುವಾ ಸ್ಪೀಡ್‌ನ ಸೋದರನನ್ನು ಮದುವೆಯಾದಳು. 1882ರಲ್ಲಿ ಲೇಖಕ ಆಸ್ಕರ್ ವೈಲ್ಡ್ ಲೂಯಿವಿಲ್‌ಗೆ ಉಪನ್ಯಾಸಕ್ಕೆ ಬಂದಾಗ ಅವಳು ದೊಡ್ಡಪ್ಪನ ಹಸ್ತಪ್ರತಿಗಳನ್ನು ತೋರಿಸಿ, ಆಮೇಲೆ ನೀಲಿ ಬಣ್ಣದ ಕುರಿತ ಸಾನೆಟ್ಟಿನ ಹಾಳೆಯನ್ನು ಅವನಿಗೆ ಕಳಿಸಿಕೊಟ್ಟಳು.

ತುಂಗಭದ್ರಾ ಅವರ ಮೊದಲ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಅಣ್ಣ ಮನಸ್ಸಿನಲ್ಲಿ ತಮ್ಮನನ್ನು ಕ್ಷಮಿಸಿದನೇ? ಸಂಜೆ ಓದು ಅವರು ಏನಾದರೂ ಹೇಳಬಲ್ಲರೇ?

ಸಂಜೆ ಓದು ಅವರ ಉತ್ತರ:

ಜಾನ್ ನೊಂದುಕೊಂಡದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಕಾಯಿಲೆ ಮಲಗಿಸಿದ ಮೇಲೆ, ಕೈಯಲ್ಲಿ ಕಾಸಿಲ್ಲದಿರುವಾಗ, ದೂರ ಹೋದವನ ಮೇಲೆ ಬೇಸರ ಬರದಿರುತ್ತದೆಯೇ? ಆದರೆ ತಮ್ಮ ಹೊರಟಾಗ ರಕ್ತ ಇನ್ನೂ ಕಾಣಿಸಿಕೊಂಡಿರಲಿಲ್ಲ ಎಂಬುದನ್ನೂ ನೆನಪಿಡೋಣ. ಆ ರಾತ್ರಿಯ ಸುದ್ದಿ ಕೆಂಟಕಿ ಮುಟ್ಟುವ ಹೊತ್ತಿಗೆ ವಸಂತ ಕಳೆಯುತ್ತ ಬಂದಿರುತ್ತದೆ. ಅದೇ ವರ್ಷ ಜೂನ್‌ನಲ್ಲೂ ನವೆಂಬರ್‌ನಲ್ಲೂ ಜಾರ್ಜ್ ಲೂಯಿವಿಲ್‌ನಿಂದ ಅಣ್ಣನಿಗೆ ಬರೆದ ಪತ್ರಗಳು ಉಳಿದಿವೆ. ನವೆಂಬರ್‌ನ ಪತ್ರ ಹೊರಟಾಗ ಜಾನ್ ಆಗಲೇ ಇಟಲಿಯಲ್ಲಿದ್ದ.

ಕ್ಷಮೆಯ ಬಗ್ಗೆ ನಾನು ತೋರಿಸಬಲ್ಲದ್ದು ಒಂದು ಸಾಲನ್ನು. 1820ರ ನವೆಂಬರ್ 30ರಂದು ರೋಮ್‌ನಿಂದ ಜಾನ್ ಬರೆದದ್ದೇ ನಮಗೆ ದೊರೆತಿರುವ ಅವನ ಕೊನೆಯ ಪತ್ರ. ಪುಸ್ತಕ ತೆರೆಯಲೂ ಆಗದಷ್ಟು ದಣಿದಿದ್ದ ಅವನು ಅದರ ಕೊನೆಯಲ್ಲಿ, ಈ ಪತ್ರ ಸಿಕ್ಕಿದೊಡನೆ 'ಜಾರ್ಜ್‌ಗೆ ಬರೆ, ನಾನು ಹೇಗಿದ್ದೇನೆಂದು ನಿನಗೆ ಊಹಿಸಲಾದಷ್ಟು ತಿಳಿಸು' ಎಂದು ಕೇಳಿಕೊಂಡಿದ್ದಾನೆ. ತಂಗಿಗೂ ಒಂದು ಚೀಟಿ ಬರೆ, ಅವಳು ಟಾಮ್‌ನಂತೆಯೇ ಇದ್ದಾಳೆ ಎಂದಿದ್ದಾನೆ. ಆ ಪತ್ರ ಹೋದದ್ದು ಚಾರ್ಲ್ಸ್ ಬ್ರೌನ್‌ಗೆ.